ಬಳೆಗಾರನ ಕೈಗೊಡಲಿ

"ಗುರುಗಳೇ, ವಯಸ್ಸು ಕಳೆದ ಮೇಲೆ ಹಿಡಿದ ಕೆಲಸ ಕೈಗೂಡುತ್ತದೆಯೇ?" ಎಂದು ಹಾಲಪ್ಪ ಕೇಳಿದ.

ಹಾಲಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು. ಗಿರಣಿಯನ್ನು ತಮ್ಮನಿಗೆ ಬಿಟ್ಟು, ತಲೆ ನರೆತ ಮೇಲೆ ಮಠಕ್ಕೆ ಬಂದಿದ್ದ. ಅವನ ಜೊತೆ ಪಾಠಕ್ಕೆ ಕೂರುತ್ತಿದ್ದವರೆಲ್ಲ ಆಗಷ್ಟೇ ಮೀಸೆ ಚಿಗುರುತ್ತಿದ್ದವರು. ಅವರು ಒಮ್ಮೆ ಕೇಳಿ ಒಪ್ಪಿಸುತ್ತಿದ್ದ ಶ್ಲೋಕ ಇವನ ಬಾಯಲ್ಲಿ ನಡುವೆಯೇ ತುಂಡಾಗುತ್ತಿತ್ತು. ಧ್ಯಾನಕ್ಕೆ ಕುಳಿತರೆ ಮೊಣಕಾಲು ನೋಯುತ್ತಿತ್ತು. ಆ ದಿನ ಬೆಳಿಗ್ಗೆಯೂ ಪಾಠದಲ್ಲಿ ತಪ್ಪಿದ್ದ. ಯಾರೂ ನಕ್ಕಿರಲಿಲ್ಲ. ನಕ್ಕುಬಿಟ್ಟಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತ್ತು.

ಗುರುಗಳು ಜಗಲಿಯ ಮೇಲೆ ಕುಳಿತು ಹುರುಳಿಯಲ್ಲಿನ ಕಲ್ಲು ಆರಿಸುತ್ತಿದ್ದರು. ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿದರು. ಅವನೂ ಆರಿಸತೊಡಗಿದ. ಆಗ ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಳೆಗಾರನಿದ್ದ. ಬಳೆ ತೊಡಿಸುವುದು ಮೆತ್ತನೆಯ ಕೆಲಸ. ಅಂಗೈಯನ್ನು ಒತ್ತಿ ಹಿಡಿದು, ಹೆಬ್ಬೆರಳ ಬುಡವನ್ನು ಒಳಕ್ಕೆ ಮಡಿಸಿ, ಗಾಜು ಒಡೆಯದ ಹಾಗೆ, ಕೈ ನೋಯದ ಹಾಗೆ ಬಳೆಯನ್ನು ಮುಂಗೈಗೆ ಏರಿಸಬೇಕು. ಅವನಿಗೆ ಅದನ್ನು ಅಪ್ಪ ಕಲಿಸಿದ್ದ. ಕೈಯಲ್ಲಿರುವುದನ್ನು ಬೀಳಿಸಬಾರದು ಎಂಬುದು ಅಪ್ಪ ಹೇಳಿಕೊಟ್ಟ ಮೊದಲ ಪಾಠ. ಆ ಪಾಠ ಕೈಯಿಂದ ಮೈಗೆ ಹತ್ತಿತು. ಬಳೆಗಳನ್ನು ಪೋಣಿಸಿ ಭುಜದ ಮೇಲೆ ಹೊತ್ತ ಮಲಾರ ಅಲುಗಬಾರದೆಂದು ಅವನು ಮೆಲ್ಲಗೆ ನಡೆಯುತ್ತಿದ್ದ. ಮಲಾರ ಇಳಿಸಿದ ಮೇಲೂ ಹಾಗೆಯೇ ನಡೆಯುತ್ತಿದ್ದ. ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಿದ್ದ. ಮೆಲ್ಲಗೆ ಮಾತಾಡುತ್ತಿದ್ದ. ಸಿಟ್ಟು ಬಂದರೆ ಇನ್ನೂ ಮೆಲ್ಲಗೆ ಮಾತಾಡುತ್ತಿದ್ದ. ಅವನಿಗೆ ಸಿಟ್ಟು ಬಂದಿದೆ ಎಂದು ಹೆಂಡತಿಗೆ ಗೊತ್ತಾಗುತ್ತಿದ್ದುದು ಅದರಿಂದಲೇ.

ಹೀಗೆ ಅವನಿಗೆ ಐವತ್ತು ದಾಟಿತು.

ಒಂದು ಸಲ ಅವನು ಕಾಡಂಚಿನ ಒಂದು ಊರಿಗೆ ಬಳೆ ಮಾರಲು ಹೋದ. ಊರ ಹೊರಗೆ ಮರ ಕಡಿಯುವವರು ಬುತ್ತಿ ಉಂಡು ವಿಶ್ರಾಂತಿಗೆ ಕುಳಿತಿದ್ದರು. ಕುಳಿತಲ್ಲಿ ಅವರಿಗೊಂದು ಆಟ. ಉರುಳಿಸಿದ ದಿಮ್ಮಿಯ ಕೊಯ್ದ ಮುಖಕ್ಕೆ ದೂರದಿಂದ ಕೈಗೊಡಲಿ ಎಸೆಯುವುದು. ಕೊಡಲಿ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಮರಕ್ಕೆ ನಾಟುತ್ತಿತ್ತು. ನಾಟಿದರೆ ನಗುತ್ತಿದ್ದರು, ನಾಟದಿದ್ದರೂ ನಗುತ್ತಿದ್ದರು. ಬಳೆಗಾರ ನಿಂತು ನೋಡಿದ. ಹೆಂಗಸರು ಕಾಯುತ್ತಾರೆ, ಹೊರಡಬೇಕು ಅಂದುಕೊಂಡ. ಕಾಲು ಏಳಲಿಲ್ಲ.

ಅವರಲ್ಲಿ ಹಿರಿಯನೊಬ್ಬ ಕರೆದ. "ಬಳೆಗಾರಣ್ಣ, ನೀನೂ ಒಂದು ಕೈ ನೋಡ್ತೀಯಾ?"

ಬಳೆಗಾರ ಮಲಾರವನ್ನು ದೂರದ ಮರದ ಬುಡದಲ್ಲಿ ಜೋಪಾನವಾಗಿ ಇಳಿಸಿ ಬಂದ. ಕೊಡಲಿ ಹಿಡಿದ. ಎಸೆದ. ಅದು ದಿಮ್ಮಿಯವರೆಗೂ ಹೋಗದೆ ನಡುವೆ ಮಣ್ಣಿಗೆ ಬಿತ್ತು. ಎಲ್ಲರೂ ನಕ್ಕರು. ಅವನೂ ನಕ್ಕ. ಹುಟ್ಟಿದಂದಿನಿಂದ ಅವನ ಕೈಯಿಂದ ಏನಾದರೂ ಜಾರಿದ್ದರೆ ಅದು ನಷ್ಟವೇ ಆಗಿತ್ತು. ಬೇಕೆಂದೇ ಕೈಬಿಟ್ಟದ್ದು ಇದೇ ಮೊದಲು.

ಊರಿಗೆ ಮರಳಿದವನು ನೇರವಾಗಿ ಕಮ್ಮಾರನ ಬಳಿಗೆ ಹೋದ. "ಒಂದು ಸಣ್ಣ ಕೊಡಲಿ ಮಾಡಿಕೊಡು. ಹಗುರವಾಗಿರಲಿ. ಹಿಡಿ ನೆಟ್ಟಗಿರಲಿ."

"ಸೌದೆ ಸೀಳೋದಕ್ಕಾ?"

"ಅಲ್ಲ. ಎಸೆಯೋದಕ್ಕೆ."

ಕಮ್ಮಾರ ತಿದಿ ಒತ್ತುವುದನ್ನು ನಿಲ್ಲಿಸಿದ. "ಯಾರ ಮೇಲೆ?"

"ಮರದ ಮೇಲೆ," ಎಂದ ಬಳೆಗಾರ, ನಾಚಿಕೊಂಡು.

ಕಮ್ಮಾರ ಮತ್ತೆ ತಿದಿ ಒತ್ತಿದ. ಆಮೇಲೆ ಮಾಡಿಕೊಟ್ಟ.

ಬಳೆಗಾರನ ಮನೆಯ ಹಿಂದೆ ಉದ್ದನೆಯ ಹಿತ್ತಲಿತ್ತು. ಅದರ ಕೊನೆಗೆ ಮಣ್ಣಿನ ಗೋಡೆ. ಗೋಡೆಗೆ ಒತ್ತಿ ಅವನು ಜಾಲಿಯ ದಪ್ಪ ಕೊರಡೊಂದನ್ನು ನಿಲ್ಲಿಸಿದ. ಜಾಲಿ ಗಟ್ಟಿ ಮರ, ಎಷ್ಟು ಏಟು ಬಿದ್ದರೂ ತಾಳುತ್ತದೆ ಎಂದು ಅವನ ಲೆಕ್ಕ. ಸಂಜೆ ಮಲಾರ ಇಳಿಸಿ, ಮುಖ ತೊಳೆದು, ಹಿತ್ತಲಿಗೆ ಹೋಗಿ ಎಸೆಯತೊಡಗಿದ. ಕೊಡಲಿ ಜಾಲಿಗೆ ಬಡಿದು ಹಿಂದಕ್ಕೆ ನೆಗೆಯಿತು. ಬಲ ಸಾಲದು ಅಂದುಕೊಂಡು ಜೋರಾಗಿ ಎಸೆದ. ಇನ್ನೂ ಜೋರಾಗಿ ನೆಗೆಯಿತು. ದಿನ ಕಳೆದ ಹಾಗೆ ಅವನ ಬಲವೂ ಹೆಚ್ಚಿತು, ಕೊಡಲಿಯ ನೆಗೆತವೂ ಹೆಚ್ಚಿತು. ಒಮ್ಮೆಯೂ ನಾಟಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಈ ವಯಸ್ಸಲ್ಲಿ ಇದೇನ್ರೀ?" ಎಂದಳು. "ಸುಮ್ಮನೆ," ಎಂದ. ಅವಳು ತಲೆ ಅಲ್ಲಾಡಿಸಿ ಒಳಗೆ ಹೋದಳು. ಆದರೆ ಆ ದಿನಗಳಲ್ಲಿ ಅವಳು ಒಂದನ್ನು ಗಮನಿಸಿದಳು. ಅವನು ಬಚ್ಚಲಲ್ಲಿ ಏನೋ ಗುನುಗುತ್ತಿದ್ದ. ಊಟಕ್ಕೆ ಕುಳಿತಾಗ ಇನ್ನೊಂದು ರೊಟ್ಟಿ ಕೇಳಿದ. ಒಂದು ದಿನ ಬೀದಿಯ ಕೊನೆಯಿಂದಲೇ ಅವಳ ಹೆಸರು ಹಿಡಿದು ಜೋರಾಗಿ ಕೂಗಿದ. ಮದುವೆಯಾದಂದಿನಿಂದ ಅವನು ಹಾಗೆ ಕೂಗಿದ್ದಿಲ್ಲ. ಏನೋ ಅನಾಹುತವಾಗಿದೆ ಎಂದು ಅವಳು ಓಡಿ ಹೊರಬಂದಳು. ಅವನು ಸೀಬೆಹಣ್ಣು ತಂದಿದ್ದ, ಅಷ್ಟೇ.

ಒಂದು ಸಂಜೆ ಅವಳು ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಬಂದಳು. ಅವನು ನೋಡಲಿಲ್ಲ. ಮೈಯೆಲ್ಲ ಬಲ ಮಾಡಿ ಎಸೆದ. ಕೊಡಲಿ ಜಾಲಿಗೆ ಬಡಿದು, ಅವನ ತಲೆಯ ಪಕ್ಕದಿಂದ ಹಾದು, ಹಿಂದೆ ನಿಂತಿದ್ದ ಅವಳ ಕಾಲ ಬಳಿಯ ನೀರಿನ ಗಡಿಗೆಗೆ ಬಿತ್ತು. ಗಡಿಗೆ ಒಡೆಯಿತು. ಅವಳ ಸೀರೆಯ ಅಂಚು ಒದ್ದೆಯಾಯಿತು.

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಕೊಡಲಿ ಎತ್ತಿಕೊಂಡು, ಒರೆಸಿ, ಬಟ್ಟೆ ಸುತ್ತಿ, ಅಟ್ಟದ ಮೇಲೆ ಇಟ್ಟುಬಿಟ್ಟ.

ಅಲ್ಲಿಂದ ಮನೆ ಮೊದಲಿನಂತಾಯಿತು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅವನು ಮೆಲ್ಲಗೆ ಬಂದು, ಮೆಲ್ಲಗೆ ಉಂಡು, ಮೆಲ್ಲಗೆ ಮಲಗುತ್ತಿದ್ದ. ಏನು ಕೇಳಿದರೂ "ಆಗಲಿ" ಎನ್ನುತ್ತಿದ್ದ. ಹೆಂಡತಿ ಕೆಲವು ದಿನ ನೋಡಿದಳು. ಒಂದು ಬೆಳಿಗ್ಗೆ ಅವಳೇ ಅಟ್ಟ ಹತ್ತಿ ಕೊಡಲಿ ಇಳಿಸಿ ಅವನ ಮುಂದೆ ಇಟ್ಟಳು.

"ನನಗೆ ಕೊಡಲಿ ಅಂದ್ರೆ ಭಯವೇ," ಎಂದಳು. "ಆದರೆ ನೀವು ಹೀಗೆ ಮನೆಯೊಳಗಿದ್ದೂ ಇಲ್ಲದ ಹಾಗೆ ಇರ್ತೀರಲ್ಲ, ಅದಕ್ಕೆ ಇನ್ನೂ ಭಯ. ಎಸೀರಿ. ಆದರೆ ನಾನು ಹೇಳಿದ ಹಾಗೆ."

ಅವಳು ಹೇಳಿದ್ದು ಹೀಗೆ. ಎಸೆಯುವ ಮುಂಚೆ ಹಿತ್ತಲ ಬಾಗಿಲಿಗೆ ಅಗುಳಿ ಹಾಕಬೇಕು. ಬಟ್ಟೆ ಒಣಹಾಕುವ ಹಗ್ಗವನ್ನು ಮನೆಯ ಮುಂದಕ್ಕೆ ಕಟ್ಟಬೇಕು. ಕೋಳಿಗಳನ್ನು ಗೂಡಿಗೆ ಸೇರಿಸಬೇಕು. ಹಿಂದೆ ಮುಂದೆ ನೋಡದೆ ಕೈ ಎತ್ತಬಾರದು. ಇಷ್ಟು ಹೇಳಿ, "ಗೊತ್ತಿಲ್ಲದ್ದನ್ನ ಗೊತ್ತಿದ್ದವರ ಹತ್ತಿರ ಕೇಳೋದಕ್ಕೆ ನಿಮಗೇನು ಬಾಯಿಲ್ವಾ?" ಎಂದಳು.

ಅವನು ಮತ್ತೆ ಕಾಡಂಚಿನ ಊರಿಗೆ ಹೋದ. ಮರ ಕಡಿಯುವ ಹಿರಿಯ ಎಲ್ಲವನ್ನೂ ಕೇಳಿಸಿಕೊಂಡ. "ಜಾಲಿಗೆ ಎಸೆದೆಯಾ?" ಎಂದು ಹಣೆ ಚಚ್ಚಿಕೊಂಡ. "ಜಾಲಿ ಯಾರನ್ನೂ ಒಳಗೆ ಬಿಟ್ಟುಕೊಳ್ಳೋದಿಲ್ಲ ಮಾರಾಯ. ಬೂರುಗ ಇಡು, ಅದು ಮೆತ್ತನೆ ಮರ. ಅಡ್ಡ ಕೊಯ್ದ ಮುಖ ನಿನ್ನ ಕಡೆಗಿರಲಿ. ಒಣಗಿದ್ದರೆ ನೀರು ಚಿಮುಕಿಸು. ಕೊಡಲಿಯನ್ನ, ಬಳೆ ತೊಡಿಸೋವಾಗ ಕೈ ಹಿಡೀತೀಯಲ್ಲ, ಹಾಗೆ ಹಿಡಿ. ಬಿಡೋವಾಗ ಬಿಟ್ಟುಬಿಡು. ನೀನು ತಿರುಗಿಸೋಕೆ ಹೋಗಬೇಡ. ಅದು ತಾನೇ ತಿರುಗುತ್ತೆ." ಇಷ್ಟು ಹೇಳಿ ಬೂರುಗದ ದಿಮ್ಮಿಯಿಂದ ಒಂದು ದಪ್ಪ ಬಿಲ್ಲೆಯನ್ನು ಕೊಯ್ದು ಕೊಟ್ಟ. ಬಳೆಗಾರ ಒಂದು ಭುಜದಲ್ಲಿ ಮಲಾರ, ಇನ್ನೊಂದು ಭುಜದಲ್ಲಿ ಮರದ ಬಿಲ್ಲೆ ಹೊತ್ತು ಊರಿಗೆ ಬಂದ.

ಈಗ ಕೊಡಲಿ ನೆಗೆಯುವುದು ನಿಂತಿತು. ಆದರೆ ನಾಟುವುದಕ್ಕೆ ಶುರುವಾಗಲಿಲ್ಲ. ಹಿಡಿಯ ತುದಿ ಮೊದಲು ಮರಕ್ಕೆ ಬಡಿದು, ಕೊಡಲಿ ಕೆಳಗೆ ಬೀಳುತ್ತಿತ್ತು. ಅವನು ಕೈ ಎತ್ತುವ ರೀತಿ ಬದಲಿಸಿದ. ಹಿಡಿಯುವ ಜಾಗ ಬದಲಿಸಿದ. ಎಡಗಾಲು ಮುಂದಿಟ್ಟು ನೋಡಿದ, ಬಲಗಾಲು ಮುಂದಿಟ್ಟು ನೋಡಿದ. ಉಸಿರು ಬಿಗಿಹಿಡಿದು ನೋಡಿದ. ಹಿಡಿಯೇ ಬಡಿಯಿತು.

ಹೆಂಡತಿ ಅವನ ಹಿಂದೆ ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಬಹಳ ಹೊತ್ತು ನೋಡಿದ ಮೇಲೆ ಹೇಳಿದಳು. "ಕೊಡಲಿ ಸುತ್ತು ಮುಗಿಸೋಕೆ ಮುಂಚೆಯೇ ಮರ ಎದುರಾಗ್ತಿದೆ ಅನ್ಸುತ್ತೆ. ಪಾಪ, ಅದಕ್ಕೆ ಜಾಗ ಸಾಲದು. ನೀವು ಒಂದು ಹೆಜ್ಜೆ ಹಿಂದೆ ಬನ್ನಿ."

"ಹಿಂದೆ ಬಂದರೆ ಇನ್ನೂ ದೂರವಾಗುತ್ತಲ್ಲೇ."

"ಆಗಲಿ, ಬಂದು ನೋಡಿ."

ಅವನು ಒಂದು ಹೆಜ್ಜೆ ಹಿಂದೆ ಬಂದ. ಎಸೆದ. ಬಲ ಹಾಕಬೇಕೆಂಬುದು ನೆನಪಿಗೇ ಬರಲಿಲ್ಲ. ಕೊಡಲಿ ತಿರುಗಿತು. ಟಪ್ ಎಂದು ಸದ್ದಾಯಿತು. ಕೆಳಗೆ ಬೀಳಲಿಲ್ಲ.

ಅವನು ಹತ್ತಿರ ಹೋಗಿ ನೋಡಿದ. ಅಲಗು ಬೂರುಗದೊಳಗೆ ಬೆರಳಗಲ ಇಳಿದಿತ್ತು. ಅದನ್ನು ಕಿತ್ತುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಅವಳೂ ಅವರೆಕಾಯಿಯ ಬುಟ್ಟಿ ಇಟ್ಟು ಎದ್ದು ಬಂದು ನೋಡಿದಳು. "ಚೆನ್ನಾಗಿ ಕೂತಿದೆ," ಎಂದಳು, ಬಂದ ನೆಂಟರ ವಿಷಯ ಹೇಳುವ ಹಾಗೆ. ಮತ್ತೆ ತಾನೇ ಕಿತ್ತು, "ಸರೀರಿ, ನಾನೂ ಒಂದು ಸಲ," ಎಂದಳು. ಅವಳು ಎಸೆದದ್ದು ಗೋಡೆಗೆ ಬಿತ್ತು. ಮಣ್ಣು ಉದುರಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಆ ನಗು ಪಕ್ಕದ ಮನೆಗೆ ಕೇಳಿಸಿತು. ಪಕ್ಕದ ಮನೆಯವನು ಬೆಲ್ಲದ ವ್ಯಾಪಾರಿ. ಅವನಿಗೆ ಅಂಗಡಿಯಲ್ಲಿ ಕುಳಿತು ಹೇಳಲು ಒಂದು ಸುದ್ದಿ ಸಿಕ್ಕಿತು. ಬಳೆಗಾರ ಹಿತ್ತಲಲ್ಲಿ ಕೊಡಲಿ ಎಸೆಯುತ್ತಾನಂತೆ, ಹೆಂಡತಿಯೂ ಎಸೆಯುತ್ತಾಳಂತೆ ಎಂದು ಬಂದವರಿಗೆಲ್ಲ ಹೇಳಿದ. ಅದು ಬಾಯಿಂದ ಬಾಯಿಗೆ ಹೋಗುವಾಗ ಬೇರೆಯಾಯಿತು. ಬಳೆಗಾರನ ಕೈ ಒರಟಾಗಿದೆಯಂತೆ ಎಂದಾಯಿತು. ಅವನು ಬೀದಿಯಲ್ಲಿ ಬಂದರೆ ಕೆಲವು ಹೆಂಗಸರು, "ಇವತ್ತು ಬೇಡ," ಎಂದು ಒಳಗೆ ಹೋದರು. ಬಳೆಗಾರನಿಗೆ ಇರುವುದು ಎರಡು ಕೈ, ಅವನ ಅನ್ನವಿರುವುದು ಅವುಗಳಲ್ಲೇ. ರೊಟ್ಟಿ ಮುರಿಯುವಾಗ ಅವನು ತನ್ನ ಅಂಗೈಯನ್ನು ತಾನೇ ತಿರುಗಿಸಿ ನೋಡಿಕೊಂಡ.

"ಬಿಟ್ಟುಬಿಡಲಾ?" ಎಂದು ಹೆಂಡತಿಯನ್ನು ಕೇಳಿದ.

"ನಿಮ್ಮ ಕೈ ಹೇಗಿದೆ ಅಂತ ನನಗೆ ಗೊತ್ತಿಲ್ವಾ?" ಎಂದಳು ಅವಳು.

ಅಷ್ಟರಲ್ಲಿ ಊರಿನ ದೊಡ್ಡ ಮನೆಯೊಂದರಲ್ಲಿ ಮದುವೆ ಬಂತು. ಮದುಮಗಳಿಗೆ ಬಳೆ ತೊಡಿಸುವುದು ತಲೆಮಾರುಗಳಿಂದ ಅವನ ಮನೆಯವರದೇ ಕೆಲಸ. ಈ ಸಲ ಕರೆಯಬೇಕೋ ಬೇಡವೋ ಎಂದು ಆ ಮನೆಯಲ್ಲಿ ಮಾತಾಯಿತು. ಕೊನೆಗೆ ಹುಡುಗಿಯ ಅಜ್ಜಿ ಕರೆಯಿರಿ ಎಂದಳು. ಅವನು ಹೋದಾಗ ನಡುಮನೆ ತುಂಬ ಹೆಂಗಸರು. ಎಲ್ಲರ ಕಣ್ಣೂ ಅವನ ಕೈಯ ಮೇಲೆ.

ಮದುಮಗಳು ಬಂದು ಕುಳಿತಳು. ಹಸಿರು ಗಾಜಿನ ಬಳೆ ಒಡೆಯಬಾರದು, ಒಡೆದರೆ ಅಪಶಕುನ ಎಂದು ಬೆಳಗಿನಿಂದ ಎಲ್ಲರೂ ಅವಳಿಗೆ ಹೇಳಿದ್ದರು. ಅವಳ ಕೈ ಕಟ್ಟಿಗೆಯ ಹಾಗೆ ಬಿಗಿದುಕೊಂಡಿತ್ತು. ಬಳೆಗಾರ ಮೊದಲ ಬಳೆ ಏರಿಸಿದ. ಹೆಬ್ಬೆರಳ ಬುಡದಲ್ಲಿ ಅದು ಚಟ್ ಎಂದು ಒಡೆಯಿತು.

ಬೇರೆ ಕಾಲವಾಗಿದ್ದರೆ ಬಳೆಗಾರನ ಪ್ರಾಣ ಅಲ್ಲೇ ಹೋಗುತ್ತಿತ್ತು. ಈಗ ಅವನು ಚೂರುಗಳನ್ನು ಆರಿಸಿ ಪಕ್ಕಕ್ಕಿಟ್ಟ. ಹುಡುಗಿಯ ಕೈ ಗಾಯವಾಗಿದೆಯೇ ಎಂದು ನೋಡಿದ. ಆಗಿರಲಿಲ್ಲ. "ಹೆಚ್ಚಿತು ತಾಯಿ, ಒಳ್ಳೆಯದೇ ಆಯಿತು," ಎಂದು, ಬಳೆ ಒಡೆಯಿತು ಎನ್ನದೆ ಹೆಚ್ಚಿತು ಎನ್ನುವ ವಾಡಿಕೆಯಂತೆ, ಎಲ್ಲರಿಗೂ ಕೇಳುವಂತೆ ಹೇಳಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಮನೆಯವರು ಕೇಳಿರಲಿಲ್ಲ. ಮತ್ತೆ ಹುಡುಗಿಗೆ ಮಾತ್ರ ಕೇಳುವಂತೆ, "ಕೈ ಬಿಗಿ ಹಿಡೀಬೇಡವ್ವಾ. ಮೊನ್ನೆಮೊನ್ನೆಯವರೆಗೂ ನಾನೂ ಹಾಗೇ ಹಿಡಿದಿದ್ದೆ," ಎಂದ.

ಹುಡುಗಿ ಕಣ್ಣೆತ್ತಿದಳು. "ನೀವು ನಿಜವಾಗ್ಲೂ ಕೊಡಲಿ ಎಸೀತೀರಾ?"

"ಎಸೀತೀನಿ."

"ನಾಟುತ್ತಾ?"

"ಒಂದೊಂದು ಸಲ."

"ನಾಟದಿದ್ರೆ?"

"ಹೋಗಿ ಎತ್ತಿಕೊಂಡು ಬರ್ತೀನಿ."

ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು. ನಗುವಾಗ ಯಾರ ಕೈಯೂ ಬಿಗಿಯಾಗಿರುವುದಿಲ್ಲ. ಎರಡನೆಯ ಬಳೆ ಏರಿತು. ಅದರ ಹಿಂದೆ ಇನ್ನೊಂದು ಏರಿತು. ಅವಳು ಮಾತಾಡುತ್ತಲೇ ಇದ್ದಳು, ಅವನು ತೊಡಿಸುತ್ತಲೇ ಇದ್ದ. ಎರಡೂ ಕೈ ತುಂಬಿದ್ದು ಅವಳಿಗೆ ತಿಳಿಯಲೇ ಇಲ್ಲ. ಅಜ್ಜಿ ಹತ್ತಿರ ಬಂದು ತನ್ನ ಸುಕ್ಕುಗಟ್ಟಿದ ಕೈಯನ್ನೂ ಮುಂದೆ ಚಾಚಿದಳು. ಅಜ್ಜಿಯದಾದ ಮೇಲೆ ಉಳಿದವರೂ ಬಳೆ ತೊಡಿಸಿಕೊಳ್ಳಲು ಕುಳಿತರು.

ಅಂದಿನಿಂದ ಬೀದಿಯ ಮಾತು ತಾನಾಗಿ ನಿಂತಿತು. ಬೆಲ್ಲದ ವ್ಯಾಪಾರಿ ಒಂದು ಸಂಜೆ ಗೋಡೆಯಾಚೆಯಿಂದ ಇಣುಕಿ, "ನಾನೂ ಬರಬಹುದೇನಯ್ಯಾ?" ಎಂದು ಕೇಳಿದ. "ಸುತ್ತು ಬಳಸಿ ಮುಂಬಾಗಿಲಿಂದ ಬನ್ನಿ, ಗೋಡೆ ಹಾರಬೇಡಿ," ಎಂದಳು ಬಳೆಗಾರನ ಹೆಂಡತಿ. ಅವನು ಬಂದ. ಬಂದವನು ಬಲ ಹಾಕಿ ಎಸೆದು, ಅದು ಬಿದ್ದಾಗ ಕೊಡಲಿಯನ್ನು ಬೈದ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಗುಳ್ನಕ್ಕರು. ಅವನಿಗೂ ತಿಳಿಯುವ ದಿನ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಬಳೆಗಾರ ಮುದುಕನಾದ. ಮಲಾರ ಹೊರುವುದನ್ನು ಬಿಟ್ಟ. ಎಸೆಯುವುದನ್ನು ಬಿಡಲಿಲ್ಲ. ಕಮ್ಮಾರನಿಂದ ಹೆಂಡತಿಗೂ ಒಂದು ಕೊಡಲಿ ಮಾಡಿಸಿದ್ದ. ಸಂಜೆಯಾದರೆ ಇಬ್ಬರೂ ಹಿತ್ತಲಿಗೆ ಹೋಗುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು ಎಸೆಯುತ್ತಿದ್ದರು. ಇಬ್ಬರದೂ ಮುಗಿದ ಮೇಲೆ ಜೊತೆಯಾಗಿ ನಡೆದುಹೋಗಿ, ನಾಟಿದ್ದರೆ ಕಿತ್ತು, ಬಿದ್ದಿದ್ದರೆ ಎತ್ತಿಕೊಂಡು, ಮಾತಾಡುತ್ತಾ ಹಿಂದಿರುಗುತ್ತಿದ್ದರು. ಬೂರುಗದ ಬಿಲ್ಲೆ ಸವೆದರೆ ಹೊಸತು ತರುತ್ತಿದ್ದರು. ಹಾಗೆ ತಮ್ಮ ಕಾಲವನ್ನು ಚೆನ್ನಾಗಿ ಕಳೆದರು.

ಗುರುಗಳು ಕತೆ ನಿಲ್ಲಿಸಿದರು.

ಹಾಲಪ್ಪ ಕಾದ. ಕತೆ ಇನ್ನೂ ಮುಂದುವರಿಯುತ್ತದೆ ಎಂದು ಅವನಿಗೆ ಅನ್ನಿಸಿತ್ತು. ಬಳೆಗಾರ ಮರ ಕಡಿಯುವವರ ಊರಿಗೆ ಮತ್ತೆ ಹೋಗುತ್ತಾನೆ, ಎಲ್ಲರ ಎದುರು ಎಸೆಯುತ್ತಾನೆ, ಅವರು ಬೆರಗಾಗುತ್ತಾರೆ ಎಂದು ಅವನು ಮನಸ್ಸಿನಲ್ಲೇ ಹೆಣೆದಿಟ್ಟಿದ್ದ. ಗುರುಗಳು ಮತ್ತೊಂದು ಹಿಡಿ ಹುರುಳಿಯನ್ನು ಮೊರಕ್ಕೆ ಸುರಿದುಕೊಂಡರು. ಅವನಿಗೆ ತಡೆಯಲಾಗಲಿಲ್ಲ.

"ಕೊನೆಗೆ ಅವನ ಕೈ ಎಷ್ಟರಮಟ್ಟಿಗೆ ಕುದುರಿತು ಗುರುಗಳೇ? ಹತ್ತು ಸಲ ಎಸೆದರೆ ಎಷ್ಟು ಸಲ ನಾಟುತ್ತಿತ್ತು?"

ಗುರುಗಳು ಅವನ ಕಡೆ ನೋಡಿ ನಕ್ಕರು.

"ಎಸೆಯುತ್ತಿದ್ದವನು ಅವನು, ಎಣಿಸುತ್ತಿರುವವನು ನೀನು."

ಹಾಲಪ್ಪ ಮೊರದ ಕಡೆಗೆ ಬಾಗಿ, ಬೆಳಿಗ್ಗೆ ತಪ್ಪಿದ ಶ್ಲೋಕವನ್ನು ಮೊದಲಿನಿಂದ ಹೇಳಿಕೊಳ್ಳುತ್ತಾ ಕಲ್ಲು ಆರಿಸತೊಡಗಿದ.